ಮೊದಲಿಗೇ ನಿಂತ 'ಹ'

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಯೂನಿಕೋಡ್ ಪಟ್ಟಿ, ಅಂದ್ರೆ ಕಂಪ್ಯೂಟರಿಗಾಗಿ ಲೋಕದ ಲಿಪಿಗಳ ಅಕ್ಷರಗಳಿಗೆ ಕೊಟ್ಟ ನಂಬರುಗಳ ಪಟ್ಟಿ, ನೋಡುತ್ತಾ ಕೂತಿದ್ದೆ. ಇಥಿಯೋಪಿಯಾ, ಎರಿಟ್ರಿಯಾ ಕಡೆಯ ಗೀಜ್ ಲಿಪಿ ಸಿಕ್ಕಿತು. ಮೊದಲ ಅಕ್ಷರವೇ 'ಹ'! ನಮ್ಮಲ್ಲಿ ಪಾಪ, ಅದು ವರ್ಣಮಾಲೆಯ ಬಾಲದಲ್ಲಿ 'ಳ' ಪಕ್ಕ ನಿಂತಿರುತ್ತೆ. ಅವರ 'ಹ' ನೋಡೋಕೆ ಒಂದು ಪುಟ್ಟ ಬಟ್ಟಲು. ಬಲಗಡೆ ನಡುವೆ ಸಣ್ಣ ಗೀರು ಎಳೆದರೆ 'ಹು'. ಗೀರು ಕೆಳಗಿಳಿದರೆ 'ಹಿ'.

ನಮ್ಮ ಕಾಗುಣಿತದ ಹಾಗೇ ಅಲ್ವಾ? ಕೈಯಲ್ಲಿ ಬರೆಯುವಾಗ ಹೌದು. ಕಂಪ್ಯೂಟರಿಗೆ ಮಾತ್ರ ಅಲ್ಲ. ನಮ್ಮ 'ಹು' ಒಳಗೆ ಎರಡು ಸಂಕೇತ ಇದೆ: 'ಹ' ಒಂದು, ಕೊಂಬು ಇನ್ನೊಂದು. ಗೀಜ್‌ನಲ್ಲಿ 'ಹು'ಗೆ ಸ್ವಂತ ನಂಬರೇ ಉಂಟು. ಹೆಕ್ಸ್ ಲೆಕ್ಕದಲ್ಲಿ (ಹತ್ತರ ಬದಲು ಹದಿನಾರರ ಲೆಕ್ಕ) 'ಹ' 1200, 'ಹು' 1201, 'ಹಿ' 1202, ಹೀಗೆ ಇಡೀ ಬಳ್ಳಿ ಸಾಲಾಗಿ ಕೂತಿದೆ. 1999ರಲ್ಲಿ ಯೂನಿಕೋಡ್ 3.0 ಜೊತೆ ಬಂದದ್ದು.

ಇನ್ನೂ ಮಜಾ ಮುಂದಿದೆ. ಅಲ್ಲಿ 'ಹ' ಒಂದಲ್ಲ, ಮೂರು. 1200, 1210, 1280. ಹಳೆಯ ಗೀಜ್ ಭಾಷೆಯಲ್ಲಿ ಮೂರಕ್ಕೂ ಬೇರೆ ಬೇರೆ ಸದ್ದು ಇದ್ದವಂತೆ. ಅದೇ ಲಿಪಿಯಲ್ಲಿ ಬರೆಯುವ ಇಥಿಯೋಪಿಯಾದ ಇವತ್ತಿನ ಅಮ್ಹಾರಿಕ್ ಭಾಷೆಯಲ್ಲಿ ಮೂರೂ ಒಂದೇ. ಬಾಯಿಗೆ ಒಂದು, ಕಂಪ್ಯೂಟರಿಗೆ ಮೂರು. ಒಂದು 'ಹ'ದಲ್ಲಿ ಬರೆದ ಪದವನ್ನು ಇನ್ನೊಂದು 'ಹ' ಹಾಕಿ ಹುಡುಕಿದರೆ, ಯಾರಾದರೂ ಮೊದಲೇ ಹೇಳಿಕೊಟ್ಟಿರದಿದ್ದರೆ, ಕಂಪ್ಯೂಟರ್ ಕೈ ಎತ್ತಿಬಿಡುತ್ತೆ.

ನಗಬಾರದು. ನಮ್ಮ ಚಿಕ್ಕಪ್ಪ ವಾಟ್ಸಾಪ್‌ನಲ್ಲಿ ಕಳಿಸಿದ ಆಸ್ತಿ ಪತ್ರದ ಮೆಸೇಜು ಹೋದ ವಾರ ಅರ್ಧ ಗಂಟೆ ಹುಡುಕಿದ್ದೇನೆ. ಅವರು ಬರೆದಿದ್ದು 'ವಿಷೇಶ ಸೂಚನೆ'.