ಮಾವನ ಟ್ರಂಕಿನ ಲೆನ್ಸುಗಳು

ನನ್ನ ಸೋದರಮಾವ ಸಾಗರದಲ್ಲಿ ಸ್ಟುಡಿಯೊ ನಡೆಸುತ್ತಿದ್ದಾಗ ಅಲ್ಲಿಯ ಮರದ ಬೀರುವಿನ ಕೆಳಖಾನೆಯಲ್ಲಿ 15 ವ್ಯಾಟಿನ ಒಂದು ಬಲ್ಬು ಜೂನ್ ಮೊದಲ ವಾರದಿಂದ ದೀಪಾವಳಿಯವರೆಗೆ ಹಗಲಿರುಳು ಉರಿಯುತ್ತಿತ್ತು. ಮಲೆನಾಡಿನ ಮಳೆಗಾಲದಲ್ಲಿ ಭರಣಿಯ ಉಪ್ಪೇ ನೀರಾಗುವಾಗ ಲೆನ್ಸುಗಳನ್ನು ಒಣಗಿಸಿಟ್ಟುಕೊಳ್ಳಲು ಅವರು ಕಂಡುಕೊಂಡ ದಾರಿ ಅದು. ರೀಲಿನ ಕಾಲ ಮುಗಿದು ಸ್ಟುಡಿಯೊ ಮುಚ್ಚಿದ ಮೇಲೆ ಆ ಬಲ್ಬೂ ಆರಿತು. ಎರಡು ಲೆನ್ಸುಗಳು ಚರ್ಮದ ಕವಚ ಸೇರಿ ಅಟ್ಟದ ಮೇಲಿನ ಟ್ರಂಕಿನಲ್ಲಿ ಹನ್ನೊಂದು ಮಳೆಗಾಲ ಕಳೆದವು. ಮೂರನೆಯದು ಮಾತ್ರ ಕ್ಯಾಮೆರಾದ ಮೇಲೆಯೇ ಉಳಿದು, ಮಾವ ಊರಿನ ತೇರಿಗೋ ಮನೆಯ ಹಬ್ಬಕ್ಕೋ ಆಗಾಗ ಒಂದು ರೀಲು ತೆಗೆಯುತ್ತಿದ್ದುದರಿಂದ, ಗಾಳಿ ಬೆಳಕು ಕಾಣುತ್ತಲೇ ಇತ್ತು.

ಅವರು ಆ ಮೂರನ್ನೂ ನನ್ನ ಕೈಗೆ ಕೊಟ್ಟ ದಿನ ರಾತ್ರಿ ನಾನು ಕೋಣೆಯ ದೀಪ ಆರಿಸಿ, ಒಂದೊಂದರ ಅಪರ್ಚರನ್ನೂ, ಅಂದರೆ ಬೆಳಕು ಹಾಯುವ ಕಿಂಡಿಯನ್ನೂ, ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿದೆ. ಕ್ಯಾಮೆರಾದ ಮೇಲಿದ್ದ, ನಿಕಾನ್ ಕಂಪನಿಯ 50 ಮಿ.ಮೀ. ಎಫ್ 1.8 ನಿಕ್ಕೋರ್ ಲೆನ್ಸಿನಲ್ಲಿ ನಾಲ್ಕಾರು ಧೂಳಿನ ಕಣಗಳ ಹೊರತು ಏನೂ ಇರಲಿಲ್ಲ. ಟ್ರಂಕಿನಿಂದ ಬಂದ 105 ಮಿ.ಮೀ. ಎಫ್ 2.5 ಲೆನ್ಸಿನ ಮುಂಭಾಗದ ಗಾಜಿನ ಒಳಮೈಯಲ್ಲಿ ಅಂಚಿನಿಂದ ನಡುವಿನ ಕಡೆಗೆ ಜೇಡನ ಎಳೆಯಂಥ ಬಿಳಿ ಬೇರುಗಳು ಕವಲೊಡೆದು ಹಬ್ಬಿದ್ದವು. ತೀರ ಹತ್ತಿರದ ಚಿತ್ರಗಳಿಗಾಗಿ ಇರುವ 55 ಮಿ.ಮೀ. ಮೈಕ್ರೊ ಲೆನ್ಸಿನ ಗಾಜು ಸ್ವಚ್ಛವಾಗಿದ್ದರೂ ಗ್ರೀಸಿನಿಂದ ಬೇರ್ಪಟ್ಟ ಎಣ್ಣೆ ಅಪರ್ಚರ್ ಎಸಳುಗಳ ಮೇಲೆ ಜಿನುಗಿ ಹೊಳೆಯುತ್ತಿತ್ತು. ಒಂದೇ ಮನೆಯ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಮೂರರಲ್ಲಿ ಬಳಕೆಯಲ್ಲಿದ್ದದ್ದು ಮಾತ್ರ ಆರೋಗ್ಯವಾಗಿ ಉಳಿದಿತ್ತು. ಹಳೆಯ ಲೆನ್ಸುಗಳನ್ನು ನೆನಪಿನ ವಸ್ತುಗಳೆಂದು ಗಾಜಿನ ಹಿಂದೆ ಇಡದೆ ನಿತ್ಯ ಹೆಗಲಿಗೆ ಹಾಕಿಕೊಂಡು ತಿರುಗಬೇಕೆಂದು ನಾನು ನಿರ್ಧರಿಸಿದ್ದು ಆ ರಾತ್ರಿ.

ಆ ಬಿಳಿ ಬೇರುಗಳು ಬೂಸ್ಟಿನವು. ಬೂಸ್ಟು ಬೆಳೆಯಲು ಹೆಚ್ಚೇನೂ ಬೇಕಿಲ್ಲ. ಕತ್ತಲು, ನಿಂತ ಗಾಳಿ ಮತ್ತು ಶೇಕಡ 70ಕ್ಕಿಂತ ಮೇಲೆ ವಾರಗಟ್ಟಲೆ ನಿಲ್ಲುವ ತೇವಾಂಶ ಇದ್ದರೆ ಸಾಕು, ಗಾಜಿನ ಮೇಲಿನ ಧೂಳನ್ನೂ ಬೆರಳಿನ ಜಿಡ್ಡನ್ನೂ ಉಂಡು ಅದು ಬೆಳೆಯುತ್ತದೆ. ಬೆಳೆಯುತ್ತ ಹೊರಬಿಡುವ ಆಮ್ಲ ಮೊದಲು ಕೋಟಿಂಗನ್ನು, ಆಮೇಲೆ ಗಾಜನ್ನೇ ಕೊರೆಯುತ್ತದೆ. ಅಲ್ಲಿಗೆ ತಲುಪಿದ ಮೇಲೆ ಬೂಸ್ಟನ್ನು ಒರೆಸಿ ತೆಗೆದರೂ ಗುರುತು ಹೋಗುವುದಿಲ್ಲ. ಚರ್ಮದ ಕವಚ ನೋಡಲು ಚೆಂದ, ಆದರೆ ನಮ್ಮ ಕಡೆಯ ಹವೆಯಲ್ಲಿ ಅದು ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ ಲೆನ್ಸಿಗೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ನಾನು ಮೊದಲು ಮಾಡಿದ ಕೆಲಸವೇ ಆ ಕವಚಗಳನ್ನು ಬೇರೆ ಇಟ್ಟದ್ದು. ಈಗ ಲೆನ್ಸುಗಳಿರುವುದು ರಬ್ಬರ್ ಅಂಚಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಜೊತೆಗೆ ಸಿಲಿಕಾ ಜೆಲ್ಲಿನ ನೀಲಿ ಹರಳುಗಳೂ ಒಂದು ಚಿಕ್ಕ ತೇವಾಂಶ ಮಾಪಕವೂ ಇವೆ. ಮಾಪಕದ ಮುಳ್ಳು 40 ಮತ್ತು 50ರ ನಡುವೆ ಇರುವಂತೆ ನೋಡಿಕೊಳ್ಳುತ್ತೇನೆ, ಹರಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಅಡುಗೆಗೆ ಬಳಸದ ಹಳೆಯ ಬಾಣಲೆಯೊಂದರಲ್ಲಿ ಸಣ್ಣ ಉರಿಯ ಮೇಲೆ ಮತ್ತೆ ನೀಲಿಯಾಗುವವರೆಗೆ ಕಾಯಿಸುತ್ತೇನೆ. ಇಷ್ಟೆಲ್ಲ ಮಾಡಿದರೂ ಆಷಾಢದಲ್ಲಿ ಮಳೆ ಹೊಳವಾದ ದಿನ ಪ್ರತಿಯೊಂದನ್ನೂ ಹೊರತೆಗೆದು, ಕ್ಯಾಮೆರಾಕ್ಕೆ ಹಾಕಿ, ಕನಿಷ್ಠ ಹತ್ತು ಚಿತ್ರವನ್ನಾದರೂ ತೆಗೆಯದೆ ಬಿಡುವುದಿಲ್ಲ.

ನನ್ನ ಮೊದಲ ಡಿಎಸ್‌ಎಲ್‌ಆರ್ ಪ್ರಾರಂಭಿಕ ದರ್ಜೆಯದು, ಒಳಗೆ ಕನ್ನಡಿಯಿರುವ ಡಿಜಿಟಲ್ ಕ್ಯಾಮೆರಾ. ಲೆನ್ಸನ್ನು ಕ್ಯಾಮೆರಾಕ್ಕೆ ಕೂರಿಸುವ ನಿಕಾನ್ ಎಫ್ ಮೌಂಟ್ 1959ರಲ್ಲಿ ಬಂದದ್ದು, ಆ ಕಂಪನಿಯ ಡಿಎಸ್‌ಎಲ್‌ಆರ್‌ಗಳ ಕೊನೆಯವರೆಗೂ ಅದೇ ಮೌಂಟ್ ಉಳಿದದ್ದರಿಂದ ಮಾವನ ಲೆನ್ಸುಗಳು ನನ್ನ ಕ್ಯಾಮೆರಾ ಬಾಡಿಯ ಮೇಲೆ ಕ್ಲಿಕ್ಕೆಂದು ಕೂತವು. ಆದರೆ ಬೆಳಕು ಅಳೆಯುವ ಮೀಟರ್ ಕೆಲಸ ಮಾಡಲಿಲ್ಲ. 1977ರಿಂದ ಈ ಲೆನ್ಸುಗಳ ಅಪರ್ಚರ್ ಉಂಗುರದ ಹಿಂಬದಿಯಲ್ಲಿ ಒಂದು ಮೆಟ್ಟಿಲನ್ನು ಕೊರೆದಿರುತ್ತಾರೆ, ಬಾಡಿಯಲ್ಲಿರುವ ಸಣ್ಣ ನಾಲಗೆ ಅದಕ್ಕೆ ತಾಗಿ ಅಪರ್ಚರ್ ಎಷ್ಟಿದೆಯೆಂದು ತಿಳಿದುಕೊಳ್ಳುತ್ತದೆ. ಡಿ 7000, ಡಿ 750ರಂಥ ಮೇಲಿನ ದರ್ಜೆಯ ಬಾಡಿಗಳಲ್ಲಿ ಆ ನಾಲಗೆ ಇದೆ, ನನ್ನದರಲ್ಲಿ ಇರಲಿಲ್ಲ. 1977ಕ್ಕಿಂತ ಹಿಂದಿನ, ಮೆಟ್ಟಿಲು ಕೊರೆಯದ ಲೆನ್ಸನ್ನು ಆ ನಾಲಗೆಯಿರುವ ಬಾಡಿಯ ಮೇಲೆ ಬಲವಂತವಾಗಿ ತಿರುಗಿಸಿದರೆ ನಾಲಗೆ ಮುರಿಯುತ್ತದೆ. ಹಳೆಯ ಲೆನ್ಸು ಕೊಳ್ಳುವವರು ಇದೊಂದನ್ನು ಮರೆಯಬಾರದು.

ಮೀಟರ್ ಇಲ್ಲದ ಆ ಎರಡು ವರ್ಷಗಳಿಗೆ ನಾನು ಋಣಿ. ಬೆಳಕನ್ನು ಕಣ್ಣಳತೆಯಲ್ಲಿ ಹೇಳುವುದನ್ನು ಮಾವ ಕಲಿಸಿದರು: ಶಟರ್ ವೇಗವನ್ನು ಐಎಸ್‌ಒ ಸಂಖ್ಯೆಯ (ಫಿಲ್ಮು ಅಥವಾ ಸೆನ್ಸರು ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬುದರ ಅಳತೆ) ಹತ್ತಿರಕ್ಕೆ ಇಟ್ಟುಕೊಂಡು ಸ್ವಚ್ಛ ಬಿಸಿಲಿಗೆ ಎಫ್ 16, ತೆಳುಮೋಡಕ್ಕೆ 11, ಮೋಡ ಮುಚ್ಚಿದರೆ 8, ದಟ್ಟೈಸಿದರೆ 5.6, ಬಯಲಿನ ನೆರಳಿಗೆ 4. ಅಂಕಿ ಚಿಕ್ಕದಾದಷ್ಟೂ ಅಪರ್ಚರ್ ದೊಡ್ಡದು. ನಮ್ಮ ಅಡಿಕೆ ತೋಟದೊಳಗೆ ಈ ಲೆಕ್ಕ ಇನ್ನೂ ಒಂದು ಮೆಟ್ಟಿಲು ಕೆಳಗಿಳಿದು 2.8ಕ್ಕೆ ಬರುತ್ತದೆ, ಮಧ್ಯಾಹ್ನವಾದರೂ ಸರಿ. ಬೆಳಕಿಗೆ ಅಂಕಿ ಇಟ್ಟು ನೋಡುವ ಅಭ್ಯಾಸ ಆದಮೇಲೆ ಕ್ಯಾಮೆರಾ ಕೈಯಲ್ಲಿಲ್ಲದಾಗಲೂ ನಾನು ಬಸ್ಸಿನ ಕಿಟಕಿಯಿಂದ ಗದ್ದೆ ನೋಡಿ ಎಂಟೋ ಹನ್ನೊಂದೋ ಎಂದು ಯೋಚಿಸುತ್ತಿರುತ್ತೇನೆ.

ನಡುವೆ ಒಂದು ಪೆಟ್ಟನ್ನೂ ತಿಂದೆ. ಹೀಲಿಯೋಸ್ 44-2 ಎಂಬ ಸೋವಿಯತ್ ಲೆನ್ಸಿನ ಬಗ್ಗೆ ಬಹಳ ಕೇಳಿದ್ದೆ. ಜರ್ಮನಿಯ ಯೇನಾದಲ್ಲಿ 1930ರ ದಶಕದಲ್ಲಿ ರೂಪುಗೊಂಡ ಬಯೋಟಾರ್ ವಿನ್ಯಾಸವನ್ನು ಆಧರಿಸಿದ 58 ಮಿ.ಮೀ. ಎಫ್ 2 ಲೆನ್ಸು ಅದು, ಎಂ 42 ಎಂಬ ತಿರುಪಿನ ಮೌಂಟಿನದು. ನನ್ನದು ಮಾಸ್ಕೋ ಬಳಿಯ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆಯದು. ಕ್ರಮಸಂಖ್ಯೆಯ ಮೊದಲೆರಡು ಅಂಕಿಗಳು 76 ಆಗಿರುವುದರಿಂದ 1976ರಲ್ಲಿ ತಯಾರಾದದ್ದೆಂದು ತಿಳಿಯುತ್ತದೆ. ಅದರ ಜೊತೆಗೆ, ಅದನ್ನು ನನ್ನ ಕ್ಯಾಮೆರಾಕ್ಕೆ ಜೋಡಿಸುವ ಒಂದು ಅಡಾಪ್ಟರನ್ನೂ ತರಿಸಿ, ಎಲ್ಲಕ್ಕೂ ಸರಿಹೊಂದುತ್ತದೆ ಎಂಬ ಮಾರಾಟಗಾರನ ಮಾತನ್ನು ನಂಬಿ, ಆಗಸ್ಟಿನ ಒಂದು ಬೆಳಗ್ಗೆ ಜೋಗಕ್ಕೆ ಹೋದೆ. ಮಂಜು ಸರಿದು ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ತುಂಬಿ ಬೀಳುತ್ತಿದ್ದುದು ಕಂಡಿತು. ಫೋಕಸ್ ಉಂಗುರವನ್ನು ಕೊನೆಯವರೆಗೂ ತಿರುಗಿಸಿದೆ. ಎದುರಿನ ಕಬ್ಬಿಣದ ಕಂಬಿಯ ತುಕ್ಕು ಸ್ಪಷ್ಟವಾಗಿತ್ತು, ಅದರಾಚೆ 253 ಮೀಟರಿನ ಜಲಪಾತ ಬರಿಯ ಬಿಳಿ ಮಸುಕಾಗಿತ್ತು. ಒಂದೂ ಚಿತ್ರ ಸಿಗದೆ ಮರಳಿದೆ.

ಕಾರಣ ಒಂದು ಮಿಲಿಮೀಟರಿನಷ್ಟರದು. ಲೆನ್ಸಿನ ಮೌಂಟಿನಿಂದ ಫಿಲ್ಮಿಗೋ ಸೆನ್ಸರಿಗೋ ಇರಬೇಕಾದ ಅಂತರವನ್ನು ಪ್ರತಿ ಕಂಪನಿಯೂ ತನ್ನದೇ ಅಳತೆಯಲ್ಲಿ ನಿಗದಿ ಮಾಡಿದೆ: ಎಂ 42ರಲ್ಲಿ ಅದು 45.46 ಮಿ.ಮೀ., ನಿಕಾನ್ ಎಫ್‌ನಲ್ಲಿ 46.5 ಮಿ.ಮೀ. ಹೀಗಾಗಿ ಹೀಲಿಯೋಸ್ ನನ್ನ ಬಾಡಿಯ ಮೇಲೆ ಇರಬೇಕಾದದ್ದಕ್ಕಿಂತ ಒಂದು ಮಿಲಿಮೀಟರಿನಷ್ಟು ಮುಂದೆ ಕೂತಿತ್ತು. 58 ಮಿ.ಮೀ. ಲೆನ್ಸಿಗೆ ಅಷ್ಟು ವ್ಯತ್ಯಾಸವಾದರೆ ಸುಮಾರು ಮೂರು ಮೀಟರಿನಾಚೆಗೆ ಫೋಕಸ್ ಹೋಗುವುದೇ ಇಲ್ಲ. ಅದನ್ನು ಸರಿಪಡಿಸಲು ನಡುವೆ ಒಂದು ಗಾಜಿರುವ ಅಡಾಪ್ಟರುಗಳೂ ಸಿಗುತ್ತವೆ, ಆದರೆ ಐವತ್ತು ವರ್ಷ ಹಿಂದಿನ ಒಳ್ಳೆಯ ಗಾಜಿನ ಹಿಂದೆ ಅಗ್ಗದ ಗಾಜನ್ನು ಸೇರಿಸುವುದು ನನಗೆ ಸರಿಕಾಣುವುದಿಲ್ಲ.

ಈ ತೊಡಕನ್ನೆಲ್ಲ ಬಿಡಿಸಿದ್ದು ಮಿರರ್‌ಲೆಸ್ ಕ್ಯಾಮೆರಾ. ಒಳಗೆ ಕನ್ನಡಿ ಇಲ್ಲದ ಕಾರಣ ಈ ಅಂತರ ಸೋನಿ ಇ ಮೌಂಟಿನಲ್ಲಿ 18, ಫ್ಯೂಜಿ ಎಕ್ಸ್‌ನಲ್ಲಿ 17.7, ನಿಕಾನ್ ಝಡ್‌ನಲ್ಲಿ 16 ಮಿ.ಮೀ.ಗೆ ಇಳಿದಿದೆ, ಉಳಿದ ಎರಡೂವರೆ ಮೂರು ಸೆಂಟಿಮೀಟರ್ ಜಾಗವನ್ನು ಗಾಜಿಲ್ಲದ ಒಂದು ಲೋಹದ ಕೊಳವೆ ತುಂಬಿದರಾಯಿತು. ಲೆನ್ಸ್ ಇಲ್ಲದಿದ್ದರೂ ಶಟರ್ ಒತ್ತಬಹುದು ಎಂಬ ಆಯ್ಕೆಯನ್ನು ಮೆನುವಿನಲ್ಲಿ ಹುಡುಕಿ ಆನ್ ಮಾಡಬೇಕು, ಬಾಡಿಯೊಳಗೆ ಕಂಪನ ತಡೆಯುವ ವ್ಯವಸ್ಥೆಯಿದ್ದರೆ ಅದಕ್ಕೆ ಲೆನ್ಸಿನ ಮಿ.ಮೀ. ಅಳತೆಯನ್ನು ನಾವೇ ತಿಳಿಸಬೇಕು, ಅಷ್ಟೆ. ಎಣ್ಣೆ ಜಿನುಗಿದ್ದ ಮೈಕ್ರೊ ಲೆನ್ಸಿಗೂ ಇದರಿಂದ ಜೀವ ಬಂತು. ಡಿಎಸ್‌ಎಲ್‌ಆರ್‌ನಲ್ಲಿ ಶಟರ್ ತೆರೆಯುವ ಕ್ಷಣದಲ್ಲಿ ಎಸಳುಗಳು ಥಟ್ಟನೆ ಮುಚ್ಚಬೇಕು. ಎಣ್ಣೆಗೆ ಅಂಟಿಕೊಂಡ ಎಸಳುಗಳು ತಡವಾಗಿ ಮುಚ್ಚಿ ಚಿತ್ರ ಬೆಳ್ಳಗಾಗುತ್ತಿತ್ತು. ಅಡಾಪ್ಟರಿನಲ್ಲಿ ಉಂಗುರ ತಿರುಗಿಸಿದಾಗಲೇ ಎಸಳುಗಳು ನಿಧಾನವಾಗಿ ಮುಚ್ಚಿಕೊಂಡು ಕಾಯುತ್ತವೆ, ಆಮೇಲೆ ಶಟರ್ ಬೀಳುತ್ತದೆ. ತುಂಬೆ ಹೂವನ್ನೂ ಇಬ್ಬನಿ ಹೊತ್ತ ಜೇಡರ ಬಲೆಯನ್ನೂ ಸೆನ್ಸರಿನ ಮೇಲೆ ಅರ್ಧದಷ್ಟು ಗಾತ್ರಕ್ಕೆ ತರುವ ಆ ಲೆನ್ಸು ಈಗ ನನ್ನ ಚೀಲದಲ್ಲಿ ನಿತ್ಯ ಇರುತ್ತದೆ.

ಹಳೆಯ ಲೆನ್ಸಿನ ನಿಜವಾದ ಸುಖ ಅದರ ಫೋಕಸ್ ಉಂಗುರದಲ್ಲಿದೆ. ಆಟೋಫೋಕಸ್ ಮೋಟಾರಿಗೆ ದೂರ ಕಡಿಮೆಯಿರಲೆಂದು ಇತ್ತೀಚಿನ ಹಲವು ಲೆನ್ಸುಗಳ ಉಂಗುರ ಸ್ವಲ್ಪವೇ ತಿರುಗುತ್ತದೆ. ಹಳೆಯವುಗಳಲ್ಲಿ ಲೋಹದ ತಿರುಪು ಗ್ರೀಸಿನಲ್ಲಿ ಜಾರುತ್ತ ಉದ್ದಕ್ಕೂ ಒಂದೇ ಬಿಗುವಿನಲ್ಲಿ ಸಾಗುತ್ತದೆ. ಕಳೆದ ಡಿಸೆಂಬರಿನಲ್ಲಿ ನಮ್ಮ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದಾಗ ಹೀಲಿಯೋಸ್ ಹಾಕಿಕೊಂಡು ಕೂತಿದ್ದೆ. ಮೆಟ್ಟುಗತ್ತಿಯ ಮೇಲೆ ಕೂತಿದ್ದ ಹಿರಿಯರೊಬ್ಬರ ಕೈಗಳು, ಚೊಗರಿನಿಂದ ಕಪ್ಪಾದ ಹೆಬ್ಬೆರಳು, ಮೇಲೊಂದು ಬಲ್ಬು. ಎಫ್ 2, ಐಎಸ್‌ಒ 1600, ಸೆಕೆಂಡಿನ ಅರವತ್ತನೇ ಒಂದು ಭಾಗ. ಒಂದು ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಕಾಣುವ ಪದರ ಎರಡು ಬೆರಳಿನ ದಪ್ಪಕ್ಕೂ ಹೆಚ್ಚಿಲ್ಲ. ಮೊದಲು ಪರದೆಯನ್ನು ಹಿಗ್ಗಿಸಿ ಕತ್ತಿಯ ಅಂಚಿಗೆ ಫೋಕಸ್ ಮಾಡಿದೆ, ಬಳಿಕ ಉಂಗುರದಿಂದ ಕೈ ತೆಗೆದು, ಅವರ ಕೈಯ ಲಯ ನೋಡುತ್ತ ನಾನೇ ಕೂದಲೆಳೆಯಷ್ಟು ಮುಂದೆ ಹಿಂದೆ ವಾಲಿದೆ. ಕಾಯಿ ಕತ್ತಿಗೆ ತಾಗಿ ಸಿಪ್ಪೆ ಬಿರಿಯುವ ಗಳಿಗೆ ಮತ್ತೆ ಮತ್ತೆ ಅದೇ ಜಾಗಕ್ಕೆ ಬರುತ್ತಿತ್ತು. ಹದಿನಾಲ್ಕನೆಯ ಚಿತ್ರದಲ್ಲಿ ಅದು ಸಿಕ್ಕಿತು, ಉಗುರಿನ ಸಂದಿನ ಕಪ್ಪು ಗೆರೆ ಸಹಿತ. ಈ ಲೆನ್ಸನ್ನು ಜನ ಹುಡುಕುವುದು ಹಿನ್ನೆಲೆಯ ಬೆಳಕಿನ ಚುಕ್ಕೆಗಳನ್ನು ಸುಳಿಯಂತೆ ತಿರುಗಿಸುತ್ತದೆ ಎಂಬ ಕಾರಣಕ್ಕೆ. ಎಪಿಎಸ್-ಸಿ ಸೆನ್ಸರು ಫಿಲ್ಮಿಗಿಂತ ಚಿಕ್ಕದಾಗಿದ್ದು ಅಂಚನ್ನು ಕತ್ತರಿಸಿಬಿಡುವುದರಿಂದ ನನ್ನ ಚಿತ್ರಗಳಲ್ಲಿ ಆ ಸುಳಿ ಕಾಣುವುದು ಅಪರೂಪ, ನನಗೆ ಅದರ ಕೊರತೆಯೂ ಇಲ್ಲ.

ಬಾಡಿಯೊಳಗೆ ಆಟೋಫೋಕಸ್ ಇದ್ದ ಮಿನೋಲ್ಟಾ 7000 ಬಂದದ್ದು 1985ರಲ್ಲಿ. ನಮ್ಮ ರಾಜ್ಯದ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಮುಂತಾದವರು ಅದಕ್ಕೂ ಬಹಳ ಮೊದಲೇ ಕಾಡಿನಲ್ಲಿ ಕೂತು, ಕೈಯಿಂದಲೇ ಫೋಕಸ್ ಮಾಡಿ, ಹಕ್ಕಿಗಳನ್ನೂ ಪ್ರಾಣಿಗಳನ್ನೂ ಚಿತ್ರಿಸಿದ್ದರು. ಜಗಲಿಯಲ್ಲಿ ಕೂತವರ ಕೈಗೆ ಫೋಕಸ್ ಮಾಡಲು ನನಗೆ ಹದಿನಾಲ್ಕು ಚಿತ್ರ ಬೇಕಾದವು. ರೆಕ್ಕೆ ಬಿಚ್ಚುವ ಹಕ್ಕಿಯ ಕಣ್ಣಿಗೆ, ಅದೂ ರೀಲಿನಲ್ಲಿ, ಅವರು ಎಷ್ಟು ತಾಳ್ಮೆಯಿಂದ ಕಾದಿರಬೇಕು ಎಂಬುದು ಈ ಉಂಗುರ ಹಿಡಿದ ಮೇಲಷ್ಟೇ ನನಗೆ ಅಂದಾಜಾಯಿತು.

ಇವುಗಳಿಂದ ಎಲ್ಲವೂ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಓಡುವ ಮಕ್ಕಳಿಗೆ, ಧಾರೆಯ ಹೊತ್ತಿನ ಮಂಟಪಕ್ಕೆ ಆಟೋಫೋಕಸ್ ಲೆನ್ಸೇ ಸರಿ, ಅಲ್ಲಿ ಕ್ಷಣ ತಪ್ಪಿದರೆ ಮತ್ತೆ ಸಿಗುವುದಿಲ್ಲ. ಕೋಟಿಂಗ್ ಇಲ್ಲದ ಗಾಜಿನ ಒಂದೊಂದು ಮೈಯೂ ಸುಮಾರು ಶೇಕಡ 4ರಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಹಳೆಯ ಒಂದೇ ಪದರದ ಕೋಟಿಂಗು ಅದನ್ನು ಕಡಿಮೆ ಮಾಡಿದರೂ ಇಂದಿನ ಹಲವು ಪದರಗಳಷ್ಟು ತಡೆಯದು. ಆದ್ದರಿಂದ ಸೂರ್ಯ ಎದುರಿಗಿದ್ದರೆ ಹೀಲಿಯೋಸಿನ ಚಿತ್ರ ಪೂರ್ತಿ ಬಿಳಚಿಕೊಳ್ಳುತ್ತದೆ. ನಾನು ಅದಕ್ಕೆ ರಬ್ಬರಿನ ಹುಡ್ ಹಾಕುತ್ತೇನೆ, ಅದೂ ಸಾಲದಾಗ ಎಡಗೈಯನ್ನು ಅಡ್ಡ ಹಿಡಿಯುತ್ತೇನೆ.

105 ಮಿ.ಮೀ. ಲೆನ್ಸಿನ ಮಾತು ಬಾಕಿಯಿದೆ. ಸ್ಟೀವ್ ಮೆಕರಿ 1984ರಲ್ಲಿ ಪಾಕಿಸ್ತಾನದ ನಿರಾಶ್ರಿತರ ಶಿಬಿರವೊಂದರಲ್ಲಿ ತೆಗೆದ, ಮರುವರ್ಷ ನ್ಯಾಷನಲ್ ಜಿಯೋಗ್ರಾಫಿಕ್ ಮುಖಪುಟದಲ್ಲಿ ಬಂದ ಹಸಿರುಗಣ್ಣಿನ ಅಫ್ಘನ್ ಹುಡುಗಿಯ ಚಿತ್ರ ಇದೇ ಬಗೆಯ 105 ಮಿ.ಮೀ. ಎಫ್ 2.5 ಲೆನ್ಸಿನಲ್ಲಿ ಮೂಡಿದ್ದು. ಮಾವನ ಸ್ಟುಡಿಯೊದಲ್ಲಿ ಅದು ಮದುವಣಗಿತ್ತಿಯರ ಲೆನ್ಸಾಗಿತ್ತು. ಬೂಸ್ಟು ತೆಗೆಸಲು ನಾನು ಅದನ್ನು ರಿಪೇರಿ ಬಲ್ಲವರೊಬ್ಬರ ಮುಂದಿಟ್ಟೆ. ಅವರು ಮುಂದಿನ ಹೆಸರಿನ ಉಂಗುರವನ್ನು ರಬ್ಬರಿನ ಬಿರಡೆ ಒತ್ತಿ ತಿರುಗಿಸಿ ಬಿಚ್ಚಿದರು, ಗಾಜನ್ನು ಹೊರತೆಗೆದು, ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಅಮೋನಿಯದ ತಿಳಿ ಮಿಶ್ರಣ ತಾಗಿಸಿದ ಹತ್ತಿಯಿಂದ ನಡುವಿನಿಂದ ಅಂಚಿಗೆ ಒಂದೇ ಸುತ್ತಿನಲ್ಲಿ ಒರೆಸಿದರು. ಬೇರುಗಳು ಹೋದವು. ಬೆಳಕಿಗೆ ಹಿಡಿದಾಗ ಅವು ಹಬ್ಬಿದ್ದ ದಾರಿಯ ಕೊರೆತ ಮಾತ್ರ ಬೂದುಗೆರೆಗಳಾಗಿ ಕಾಣುತ್ತಿತ್ತು, ಇಂದಿಗೂ ಕಾಣುತ್ತದೆ. ಬೆಳಕು ಪಕ್ಕದಿಂದ ಬರುವಾಗ ಚಿತ್ರದಲ್ಲಿ ಅದರ ಸುಳಿವೇ ಇರುವುದಿಲ್ಲ. ಕಿಟಕಿಗೆ ಎದುರಾಗಿ ಹಿಡಿದರೆ ಕಪ್ಪುಗಳು ಸ್ವಲ್ಪ ತೆಳುವಾಗುತ್ತವೆ.

ಈ ಯುಗಾದಿಗೆ ಮಾವನ ಮನೆಗೆ ಹೋದಾಗ ಅದನ್ನೇ ಹಾಕಿಕೊಂಡು ಹೋಗಿದ್ದೆ. ಅವರ ಕಣ್ಣಿಗೆ ಈಗ ಹತ್ತಿರದ ಅಕ್ಷರ ಕಾಣುವುದಿಲ್ಲ, ಉಂಗುರದ ಮೇಲಿನ ಅಂಕಿಗಳಂತೂ ಇಲ್ಲವೇ ಇಲ್ಲ. ಕ್ಯಾಮೆರಾ ಕೈಗೆ ಕೊಟ್ಟೆ. ಅವರು ಅತ್ತೆಯನ್ನು ಕಿಟಕಿಯ ಪಕ್ಕಕ್ಕೆ ಕೂರಿಸಿ, ಅಪರ್ಚರ್ ಉಂಗುರವನ್ನು ಕೊನೆಯವರೆಗೆ ತೆರೆದು, ಅಲ್ಲಿಂದ ಬೆರಳಿನಲ್ಲೇ ಎರಡು ಕ್ಲಿಕ್ ಎಣಿಸಿದರು. ಎರಡೂವರೆಯಿಂದ ನಾಲ್ಕು, ನಾಲ್ಕರಿಂದ ಐದೂವರೆ ಎಂದು ಮೆಲ್ಲಗೆ ಹೇಳಿಕೊಂಡು ಶಟರ್ ಒತ್ತಿದರು.