ಕೊನೆಕೊಯ್ಲಿನ ಕೊಲೆ

ನಮ್ಮ ಮನೆಯ ಮೊರ ಭಾನುವಾರ ಸಂಜೆ ಅಕ್ಕಿ ಕೇರಲು ಸಿಗುವುದಿಲ್ಲ. ಅದರಲ್ಲಿ ನಾವು ದಾಳ ಉರುಳಿಸುತ್ತೇವೆ. ಇಪ್ಪತ್ತು ಮುಖದ ದಾಳವನ್ನು ನೆಲಕ್ಕೆ ಹಾಕಿದರೆ ಸೋಫಾದಡಿ ಸೇರುತ್ತದೆ. ಸ್ಟೀಲ್ ತಟ್ಟೆಗೆ ಹಾಕಿದರೆ ಕೆಳಗಿನ ಮನೆಯವರು ಮೇಲೆ ಬರುತ್ತಾರೆ. ಮೊರ ಸರಿಹೋಯಿತು.

ಆಡುವವರು ಮೂವರು: ನನ್ನ ಗಂಡ, ನನ್ನ ತಮ್ಮ, ಸ್ಕೂಲಿನಲ್ಲಿ ನನ್ನ ಜೊತೆ ಪಾಠ ಮಾಡುವ ಗೆಳತಿ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಆ ಪಾತ್ರ ಮಾಡಹೊರಟಿದ್ದು ಆಯಿತೋ ಇಲ್ಲವೋ ಅಂತ ದಾಳ ಹೇಳುತ್ತದೆ. ಕಥೆ ನಡೆಸುವವಳು ನಾನು. ಈ ಆಟದ ಮಂದಿ ಅದಕ್ಕೆ ಗೇಮ್ ಮಾಸ್ಟರ್ ಅನ್ನುತ್ತಾರೆ, ತಮ್ಮ ಮಾತ್ರ ‘ಭಾಗವತರೇ’ ಅಂತಾನೆ. ಸಾಗರದಿಂದ ಬಂದಿದ್ದ ಅಪ್ಪ ಒಮ್ಮೆ “ಇದೇನು ಆಟ ನಿಮ್ಮದು?” ಎಂದು ಕೇಳಿದರು. “ತಾಳಮದ್ದಲೆ ಇದ್ದ ಹಾಗೆ ಅಪ್ಪಾ, ಆದ್ರೆ ಪ್ರಸಂಗ ಹೇಗೆ ಮುಗಿಯುತ್ತೆ ಅಂತ ಯಾರಿಗೂ ಗೊತ್ತಿಲ್ಲ” ಅಂದೆ. ಅರ್ಧ ಗಂಟೆ ಕೂತು ನೋಡಿದರು. “ಅರ್ಥಗಾರಿಕೆ ಸಾಲದು” ಎಂದು ಎದ್ದು ಹೋದರು.

ನನ್ನ ಹುಚ್ಚು ಶುರುವಾಗಿದ್ದು ಚಂದಮಾಮದ ಬೇತಾಳನಿಂದ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಹೋಳು, ಹೇಳಿದರೆ ಬೇತಾಳ ಮತ್ತೆ ಮರಕ್ಕೆ. ಎಂಥಾ ನಿಯಮ ಅಲ್ವಾ! ಆಮೇಲೆ ಬಾಡಿಗೆ ಲೈಬ್ರರಿಯ ಪತ್ತೇದಾರಿ ಕಾದಂಬರಿಗಳು ಬಂದವು, ಅವುಗಳಲ್ಲಿ ಎಷ್ಟಕ್ಕೋ ಕೊನೆಯ ಪುಟವೇ ಇರುತ್ತಿರಲಿಲ್ಲ. ಕಾಲೇಜಿನಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಸಿಕ್ಕಿತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ. ತಮ್ಮನಿಗೆ ಬಾಹ್ಯಾಕಾಶವೇ ಇಷ್ಟ, ಅವನ ಹಟಕ್ಕೆ ಟ್ರಾವೆಲರ್ ಕೂಡ ಆಡಿ ನೋಡಿದೆವು. 1977ರ ಆ ಆಟದ ಮೊದಲ ನಿಯಮಗಳ ಪ್ರಕಾರ, ಪಾತ್ರವನ್ನು ರೂಪಿಸುವ ಹೊತ್ತಿಗೇ ಆ ಪಾತ್ರ ಸತ್ತುಹೋಗಬಹುದು. ನನ್ನ ಗಂಡನ ಪಾತ್ರ ಎರಡು ಸಲ ಸತ್ತಿತು. ಮೂರನೇ ಸಲ ಅವರು ಕಾಫಿ ಮಾಡಲು ಎದ್ದರು.

ಡ್ರಾಗನ್ ಸಾಕಾಯಿತು, ನಮ್ಮ ಕಡೆಯದೇ ಒಂದು ಕೊಲೆ ಮಾಡೋಣ ಅನ್ನಿಸಿತು. ಕಾಲ 1963. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ, ಅದಕ್ಕೂ ಮೊದಲಿನ ಚಳಿಗಾಲ. ಮುಳುಗಡೆಯಾಗಲಿರುವ ಒಂದು ಊರು, ಅರ್ಧ ಮನೆಗಳು ಆಗಲೇ ಖಾಲಿ. ತೋಟದಲ್ಲಿ ಕೊನೆಕೊಯ್ಲು ನಡೆದಿದೆ. ಅಡಿಕೆ ಗೊನೆಗೂ ‘ಕೊನೆ’ ಅನ್ನುತ್ತೇವಲ್ಲ, ಆ ಊರಿಗೆ ಅದು ಎರಡೂ ಅರ್ಥದಲ್ಲಿ ಕೊನೆಕೊಯ್ಲು. ನನ್ನ ಅಜ್ಜಿಯ ತವರೂ ಹಾಗೇ ನೀರಿನಡಿ ಹೋಗಿದ್ದು.

ಕೊನೆ ಕೊಯ್ಯುವವನ ಹೆಣ ಮರದ ಬುಡದಲ್ಲಿ ಸಿಗುತ್ತದೆ. ಜಾರಿ ಬಿದ್ದ ಅಂತ ಊರೆಲ್ಲ ಹೇಳುತ್ತದೆ. ಆದರೆ ಮರ ಹತ್ತುವಾಗ ಎರಡೂ ಪಾದಕ್ಕೆ ಸೇರಿಸಿ ಹಾಕಿಕೊಳ್ಳುವ ಬಳೆ ಅವನ ಕಾಲಲ್ಲಿಲ್ಲ. ಅಂದರೆ ಅವನು ಮರ ಹತ್ತಿರಲೇ ಇಲ್ಲ. ಇದೇ ಮುಖ್ಯ ಸುಳಿವು.

ಅದು ಕಣ್ಣಿಗೆ ಬೀಳಬೇಕಾದರೆ ದಾಳದಲ್ಲಿ 12 ಅಥವಾ ಹೆಚ್ಚು ಬೀಳಬೇಕು ಅಂತ ನಾನಿಟ್ಟಿದ್ದೆ. ಬಿದ್ದಿದ್ದು 4, 9, 11. ಗಣಿತದ ಟೀಚರ್ ನಾನು, ಲೆಕ್ಕ ಮೊದಲೇ ಹಾಕಬೇಕಿತ್ತು. ಮೂವರೂ ಒಟ್ಟಿಗೆ ಸೋಲುವ ಸಾಧ್ಯತೆ ಹೆಚ್ಚುಕಡಿಮೆ ಆರಕ್ಕೆ ಒಂದು. ಕಥೆ ಅಲ್ಲೇ ನಿಂತಿತು. ಗೆಳತಿ ಕೋಲಾರದವಳು, ಅವಳು ಅಡಿಕೆ ಕಂಡಿದ್ದು ಎಲೆಯ ಜೊತೆ ಮಾತ್ರ. ಅಡಿಕೆ ಬೇಯಿಸುವ ಆಳಿನ ಅಂಗಿಯ ಮೇಲೆ ಕೆಂಪು ಕಲೆ ಅಂದಿದ್ದೇ ತಡ, “ರಕ್ತ!” ಅಂತ ಅವನನ್ನು ಹಿಡಿದುಕೊಂಡಳು. ಅದು ಅಡಿಕೆ ಚೊಗರು, ಅಡಿಕೆ ಬೇಯಿಸಿದ ಕೆಂಪು ನೀರು. ಮುಕ್ಕಾಲು ಗಂಟೆ ಆ ಪಾಪದವನ ವಿಚಾರಣೆಯಾಯಿತು.

ಆ ವಾರ ಕೂತು ಓದಿದೆ. ಪತ್ತೇದಾರಿ ಕಥೆ ಆಡುವುದಕ್ಕೇ ಗಮ್‌ಶೂ ಅಂತ ಒಂದು ಪದ್ಧತಿ ಇದೆ, ರಾಬಿನ್ ಲಾಸ್ ಎಂಬವರು ಮಾಡಿದ್ದು. ಮುಖ್ಯ ಸುಳಿವಿಗೆ ಅದರಲ್ಲಿ ದಾಳವೇ ಇಲ್ಲ. ಸರಿಯಾದ ವಿದ್ಯೆ ಇರುವ ಪಾತ್ರ ಸರಿಯಾದ ಜಾಗದಲ್ಲಿ ಹುಡುಕಿದರೆ ಸುಳಿವು ಸಿಕ್ಕೇ ಸಿಗುತ್ತದೆ. ಅದರಿಂದ ಏನು ಊಹಿಸುತ್ತೀರಿ ಅನ್ನುವುದೇ ಆಟ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಕಾದಂಬರಿಯ ಪತ್ತೇದಾರ ಸುಳಿವು ಕಾಣದೆ ಮನೆಗೆ ಹೋಗಿದ್ದನ್ನು ಯಾರಾದರೂ ಓದಿದ್ದೀರಾ?

ಮುಂದಿನ ಭಾನುವಾರ ಕಾಲಬಳೆಯ ಸುಳಿವು ಸಿಕ್ಕಿತು, ಆಟ ಓಡಿತು. ತಮ್ಮನ ಪಾತ್ರ ಪೊಲೀಸ್ ಪೇದೆ. ಅವನು ಅಡಿಕೆ ಮಂಡಿಯ ಗುಮಾಸ್ತನನ್ನು ಮಾತಾಡಿಸುತ್ತಿದ್ದ. ಗುಮಾಸ್ತನಾಗಿ ನಾನು ಹೇಳಿದೆ: “ಅವರು ನಮ್ಮ ಮಂಡಿ ಕಡೆ ಬರ್ತಾನೇ ಇರ್ಲಿಲ್ಲ ಸ್ವಾಮಿ.”

ತಮ್ಮ ಮೊರದ ಮೇಲೆ ಕೈ ಇಟ್ಟ. “ಅಕ್ಕಾ, ತಡಿ. ಸತ್ತವನನ್ನ ಊರವರೆಲ್ಲ ‘ಅವನು’ ಅಂದ್ರು. ತೋಟದ ಒಡೆಯರ ಮನೆಯ ಚಿಕ್ಕ ಹುಡುಗ ಕೂಡ. ಇವನೊಬ್ಬ ಯಾಕೆ ‘ಅವರು’ ಅಂತಾನೆ? ಇವನಿಗೆ ಏನೋ ಋಣ ಇದೆ.”

ನಿಜ ಹೇಳುತ್ತೇನೆ, ಅದು ಬಾಯ್ತಪ್ಪಿ ಬಂದಿದ್ದು. ಬೆಂಗಳೂರಿಗೆ ಬಂದು ಹದಿನೈದು ವರ್ಷ ಆಯ್ತು, ಗುರುತಿಲ್ಲದವರಿಗೆಲ್ಲ ‘ಅವರು’ ಅಂದು ಅಂದು ನಾಲಿಗೆಗೆ ಅದೇ ರೂಢಿ. ನನ್ನ ನೋಟ್‌ಬುಕ್ಕಿನಲ್ಲಿ ಕೊಲೆಗಾರ ಒಡೆಯರ ಕಿರಿಯ ಮಗ. ಗುಮಾಸ್ತನಿಗೆ ನಾನು ಬರೆದಿದ್ದು ಒಂದೇ ಸಾಲು: ‘ಛತ್ರಿ ಇದೆ’.

ಆದರೆ ತಮ್ಮನ ಮುಖ ನೋಡಬೇಕಿತ್ತು. ಅಷ್ಟು ಚೆಂದದ ಸುಳಿವನ್ನು ಯಾವ ಪುಸ್ತಕ ನೋಡಿಯೂ ನಾನು ಕಟ್ಟುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಆಡಿದ್ದರಂತೂ ಅಂಥ ತಪ್ಪು ಮಾಡುವುದಕ್ಕೂ ಜಾಗ ಇಲ್ಲ. ನಾನು ಪುಸ್ತಕ ಅಡ್ಡ ಹಿಡಿದು ಸುಮ್ನೆ ಒಂದು ದಾಳ ಉರುಳಿಸಿದೆ. ಎಷ್ಟು ಬಿತ್ತು ಅಂತ ನೋಡಲಿಲ್ಲ. “ಗುಮಾಸ್ತ ಛತ್ರಿಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸುತ್ತಾನೆ” ಅಂದೆ.

ಕಾಫಿ ಬಿಡುವಿನಲ್ಲಿ ಅಡುಗೆಮನೆಯಲ್ಲಿ ನಿಂತು ಮಿಕ್ಕಿದ್ದನ್ನು ಹೊಂದಿಸಿದೆ. ಗುಮಾಸ್ತ ಸಾಲ ಮಾಡಿದ್ದು ಕೊನೆ ಕೊಯ್ಯುವವನ ಹತ್ತಿರ. ಸಾಲಪತ್ರ ಆ ಛತ್ರಿಯ ಮಡಿಕೆಯೊಳಗೆ. ಒಂಬತ್ತೂವರೆಗೆ ತಪ್ಪೊಪ್ಪಿಗೆ ಆಯ್ತು.

ತಮ್ಮ ಇದನ್ನು ಓದಿದರೆ ಓದಲಿ. ಮೂರು ವಾರದಿಂದ ನೆಂಟರಿಗೆಲ್ಲ ಫೋನ್ ಮಾಡಿ ತನ್ನ ಬುದ್ಧಿವಂತಿಕೆ ಹೇಳಿಕೊಂಡಿದ್ದಾನೆ, ಅಷ್ಟು ಸಾಕು. ಒಡೆಯರ ಕಿರಿಯ ಮಗ ಮಾತ್ರ ಇನ್ನೂ ನನ್ನ ನೋಟ್‌ಬುಕ್ಕಿನಲ್ಲಿ ಹಾಯಾಗಿದ್ದಾನೆ, ಯಾರಿಗೂ ಅವನ ಮೇಲೆ ಅನುಮಾನ ಇಲ್ಲ.