ದೇಶವೇ ಇಲ್ಲದವರಿಗೆ ರಾಯಭಾರಿ ಹೇಗೆ?

ಪ್ಯಾಲೆಸ್ಟೀನಿನ ಬಗ್ಗೆ ಬರೆದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: ತನ್ನದೆಂಬ ಗಡಿ, ಸೈನ್ಯ, ನಾಣ್ಯ ಯಾವುದೂ ಕೈಯಲ್ಲಿಲ್ಲದ ಜನರಿಗೆ ರಾಯಭಾರಿ ಇರುವುದಾದರೂ ಹೇಗೆ, ಇದ್ದರೂ ಅವರು ಮಾಡುವ ಕೆಲಸವೇನು? ಕಾನೂನಿನ ಉತ್ತರ ಚಿಕ್ಕದು. ಮಾನ್ಯತೆ ಕೊಟ್ಟ ದೇಶದಲ್ಲಿ ಅವರು ರಾಯಭಾರಿ, ಕೊಡದ ದೇಶದಲ್ಲಿ ಬರೀ ಪ್ರತಿನಿಧಿ. 1988ರ ನವೆಂಬರ್‌ನಲ್ಲೇ ಮಾನ್ಯತೆ ನೀಡಿದ ಭಾರತದಲ್ಲಿ ಕುಳಿತವರಿಗೆ ಈ ವ್ಯತ್ಯಾಸ ಅಷ್ಟಾಗಿ ತಟ್ಟುವುದಿಲ್ಲ. ಕೆಲಸವೇನು ಎಂಬುದಕ್ಕೆ ಮಾತ್ರ ನಾನು ಯುರೋಪಿನಲ್ಲಿ ಪ್ಯಾಲೆಸ್ಟೀನನ್ನು ಪ್ರತಿನಿಧಿಸಿದ ಲೈಲಾ ಶಹೀದ್ ಅವರ ಬದುಕನ್ನೇ ಉತ್ತರವಾಗಿ ಹೇಳುತ್ತೇನೆ.

ಲೈಲಾ ಹುಟ್ಟಿದ್ದು 1949ರಲ್ಲಿ, ಬೈರೂತಿನಲ್ಲಿ. ತಾಯಿ ಸಿರೀನ್ ಜೆರುಸಲೇಮಿನ ಹೆಸರಾಂತ ಹುಸೇನಿ ಮನೆತನದವರು. ಬ್ರಿಟಿಷರ ಆಳ್ವಿಕೆಯಲ್ಲಿ ಆ ಮನೆಯ ರಾಜಕಾರಣಿಗಳು ಗಡೀಪಾರನ್ನೂ ಕಂಡಿದ್ದರು. ತಂದೆ ಮುನೀಬ್ ಬೈರೂತಿನ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಕಲಿಸುತ್ತಿದ್ದರು. (ದೆಹಲಿಯ ಕಮಲ ಮಂದಿರ ನೋಡಿದವರಿಗೆ ಇದೊಂದು ಕುತೂಹಲದ ಸಂಗತಿ: ಮುನೀಬ್ ಅವರು, ಆ ಮಂದಿರ ಕಟ್ಟಿದ ಬಹಾಯಿ ಧರ್ಮದ ಮುಂದಾಳಾಗಿದ್ದ ಅಬ್ದುಲ್ ಬಹಾ ಅವರ ಮೊಮ್ಮಗ.) ಇಂಥ ಅನುಕೂಲಸ್ಥ ಮನೆಯ ಮಗಳು ಮಾನವಶಾಸ್ತ್ರ ಓದಿ, ಲೆಬನಾನಿನ ನಿರಾಶ್ರಿತರ ಶಿಬಿರಗಳಲ್ಲಿ ಕೆಲಸ ಮಾಡಿದರು. ಮುಂದೆ ಯುರೋಪಿನ ಮಂತ್ರಿಗಳ ಎದುರು ಮಾತನಾಡುವಾಗ ಅವರ ಮಾತಿಗೆ ಬಂದ ತೂಕದ ಬೇರು ಜೆರುಸಲೇಮಿನ ವಂಶಾವಳಿಗಿಂತ ಹೆಚ್ಚಾಗಿ ಈ ಶಿಬಿರಗಳಲ್ಲಿದೆ ಎಂಬುದು ನನ್ನ ಎಣಿಕೆ.

1974ರಲ್ಲಿ ಸಂಶೋಧನೆಗೆಂದು ಪ್ಯಾರಿಸ್ಸಿಗೆ ಹೋದ ಅವರು ಅಲ್ಲಿನ ಪ್ಯಾಲೆಸ್ಟೀನಿ ವಿದ್ಯಾರ್ಥಿಗಳ ಸಂಘದ ಮುಂದಾಳಾದರು. ಪ್ಯಾಲೆಸ್ಟೀನಿನ ಪರ ಮಾತಾಡುವವರ ಪಾಲಿಗೆ ಅದು ಜೀವ ಕೈಯಲ್ಲಿ ಹಿಡಿದು ಓಡಾಡುವ ಕಾಲ. ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಯ ಪ್ಯಾರಿಸ್ ಪ್ರತಿನಿಧಿಗಳಾಗಿದ್ದ ಮಹಮೂದ್ ಹಂಶರಿ 1973ರಲ್ಲಿ, ಇಜ್ಜುದ್ದೀನ್ ಕಲಕ್ 1978ರಲ್ಲಿ ಹತರಾದರು. ಬ್ರಸೆಲ್ಸ್ ಪ್ರತಿನಿಧಿ ನಯೀಮ್ ಖಾದರ್ 1981ರಲ್ಲಿ. ಮುಂದೆ ಲೈಲಾ ಅವರು ಕೆಲಸ ಮಾಡಿದ್ದು ಇವೇ ಎರಡು ನಗರಗಳಲ್ಲಿ. ಅವರಿಗಿಂತ ಮುಂಚೆ ಆ ಕುರ್ಚಿಯಲ್ಲಿ ಕುಳಿತವರ ಗತಿ ಹೀಗಿತ್ತು ಎಂಬುದನ್ನು ಮರೆತು ಅವರ ಧೈರ್ಯವನ್ನು ಅಳೆಯಲಾಗದು.

ಮದುವೆ ಮೊರೊಕ್ಕೋದ ಲೇಖಕ ಮೊಹಮ್ಮದ್ ಬರ್ರಾದ ಅವರೊಡನೆ ಆಯಿತು, ವಾಸವೂ ಕೆಲಕಾಲ ಅಲ್ಲೇ. ಆದರೆ ನಾನು ಹೆಚ್ಚು ಹೊತ್ತು ನಿಲ್ಲುವುದು 1982ರ ಸೆಪ್ಟೆಂಬರ್‌ನಲ್ಲಿ. ಆ ತಿಂಗಳು ಲೈಲಾ ಬೈರೂತಿಗೆ ಹೊರಟಾಗ ಜೊತೆಗೆ ಬಂದವರು ಫ್ರೆಂಚ್ ಲೇಖಕ ಜಾನ್ ಜೆನೆ. ಅವರು ನಗರದಲ್ಲಿದ್ದಾಗಲೇ, 16ರಿಂದ 18ರವರೆಗೆ, ಇಸ್ರೇಲಿ ಸೇನೆ ಸುತ್ತುಗಟ್ಟಿ ನಿಂತಿದ್ದಂತೆ ಲೆಬನಾನಿನ ಕ್ರೈಸ್ತ ಸಶಸ್ತ್ರ ಗುಂಪಾದ ಫಲಾಂಜ್ ಪಡೆಯವರು ಬೈರೂತಿನ ಸಬ್ರಾ ಬಡಾವಣೆ ಮತ್ತು ಶತೀಲಾ ಶಿಬಿರಕ್ಕೆ ನುಗ್ಗಿ ಪ್ಯಾಲೆಸ್ಟೀನಿ ನಿರಾಶ್ರಿತರನ್ನು ಕೊಂದರು. 19ರಂದು ಜೆನೆ ಶತೀಲಾದ ಒಳಹೊಕ್ಕರು. ಕಿರಿದಾದ ಓಣಿಗಳಲ್ಲಿ ಹೆಣಗಳನ್ನು ದಾಟಿಕೊಂಡೇ ಮುಂದೆ ಹೋಗಬೇಕಿತ್ತು, ಮೇಲೆಲ್ಲ ನೊಣ. ಬಹುಕಾಲ ಲೇಖನಿಯಿಂದ ದೂರವಿದ್ದ ಆ ಮನುಷ್ಯ ಬರೆದ ‘ಶತೀಲಾದಲ್ಲಿ ನಾಲ್ಕು ಗಂಟೆ’ ಮರುವರ್ಷ ಪ್ಯಾರಿಸ್ಸಿನಲ್ಲಿ ಪ್ರಕಟವಾಯಿತು. ಲೈಲಾ ಆಗಿನ್ನೂ ಯಾವ ಹುದ್ದೆಯಲ್ಲೂ ಇರಲಿಲ್ಲ. ಆದರೂ ಜಗತ್ತಿನ ಕಿವಿಗೆ ಬೀಳುವ ದನಿಯೊಂದನ್ನು ಸರಿಯಾದ ಜಾಗಕ್ಕೆ ಜೊತೆಯಾಗಿ ಕರೆತಂದದ್ದನ್ನು ನಾನು ಅವರ ಮೊದಲ ರಾಯಭಾರವೆಂದೇ ಲೆಕ್ಕ ಹಾಕುತ್ತೇನೆ.

ಹುದ್ದೆ ಬಂದದ್ದು 1989ರಲ್ಲಿ. ವಿಮೋಚನಾ ಸಂಘಟನೆಯ ನಾಯಕ ಯಾಸಿರ್ ಅರಾಫತ್, ಲೈಲಾ ಅವರನ್ನು ಐರ್ಲೆಂಡಿಗೆ ಕಳುಹಿಸಿದರು. ಸಂಘಟನೆಯನ್ನು ಹೊರದೇಶದಲ್ಲಿ ಪ್ರತಿನಿಧಿಸಿದ ಮೊದಲ ಮಹಿಳೆ ಅವರೇ. ಬಳಿಕ ನೆದರ್ಲ್ಯಾಂಡ್ಸ್, 1993ರಲ್ಲಿ ಇಸ್ರೇಲಿನೊಡನೆ ಆದ ಓಸ್ಲೋ ಒಪ್ಪಂದದ ಹೊತ್ತಿಗೆ ಫ್ರಾನ್ಸ್, 2005ರಿಂದ ಬ್ರಸೆಲ್ಸ್‌ನಲ್ಲಿ ಯುರೋಪಿಯನ್ ಒಕ್ಕೂಟ. ಪ್ಯಾರಿಸ್ಸಿನಲ್ಲಿ ಅವರ ಅಧಿಕೃತ ಪದವಿ ‘ಪ್ರಧಾನ ಪ್ರತಿನಿಧಿ’ ಎಂದಷ್ಟೇ ಇತ್ತು, ಜನ ಮಾತ್ರ ರಾಯಭಾರಿ ಎಂದೇ ಕರೆದರು. ಬೆನ್ನಿಗೆ ರಾಜ್ಯಶಕ್ತಿ ಇಲ್ಲದವರಿಗೆ ಕೇಳುಗರೇ ಬಂಡವಾಳ ಎಂಬುದನ್ನು ಅರಿತಿದ್ದ ಅವರು, ಮಂತ್ರಾಲಯಗಳ ಬಾಗಿಲು ಕಾಯುವುದಕ್ಕೆ ಸೀಮಿತವಾಗದೆ, ಟೀವಿ ಚರ್ಚೆಗಳಲ್ಲಿ ಕುಳಿತು ತಿಳಿಯಾದ ಫ್ರೆಂಚಿನಲ್ಲಿ ವಾದಿಸಿದರು. ಇಸ್ರೇಲಿನ ಶಾಂತಿವಾದಿ ಮಿಶೆಲ್ ವಾರ್ಶಾವ್‌ಸ್ಕಿ ಮತ್ತು ಪತ್ರಕರ್ತ ದೊಮಿನಿಕ್ ವಿದಾಲ್ ಅವರೊಡನೆ ಫ್ರಾನ್ಸಿನ ಊರೂರು, ವಲಸಿಗರ ಕಾಲನಿಗಳನ್ನು ಸುತ್ತಿ, ಯುವಕರ ಸಿಟ್ಟು ಯೆಹೂದಿ ದ್ವೇಷವಾಗಿ ತಿರುಗಬಾರದೆಂದು ಒಂದೇ ವೇದಿಕೆಯಿಂದ ಮಾತಾಡಿದರು.

2004ರ ನವೆಂಬರ್‌ನಲ್ಲಿ ಪ್ಯಾರಿಸ್ ಹೊರವಲಯದ ಪೆರ್ಸಿ ಸೇನಾ ಆಸ್ಪತ್ರೆಯಲ್ಲಿ ಅರಾಫತ್ ಮಲಗಿದ್ದಾಗ ಪತ್ರಕರ್ತರ ಪ್ರಶ್ನೆಗಳಿಗೆ ಎದುರಾಗಿ ನಿಂತವರೂ ಲೈಲಾ ಅವರೇ. ಮಿದುಳು ಸತ್ತಿಲ್ಲ, ಕೋಮಾದಲ್ಲಿದ್ದಾರೆ, ಅದೂ ಮರಳಿ ಬರಬಹುದಾದ ಕೋಮಾ ಎಂದರು. 11ರಂದು ಅರಾಫತ್ ತೀರಿಕೊಂಡು ಆ ಭರವಸೆ ಹುಸಿಯಾಯಿತು. ಅದನ್ನು ಸುಳ್ಳೆಂದು ದೂರುವವರಿದ್ದಾರೆ. ಆ ದಿನಗಳಲ್ಲಿ ಪ್ಯಾಲೆಸ್ಟೀನಿಗಳ ನಡುವೆಯೇ ಅಧಿಕಾರಕ್ಕಾಗಿ ಏನೇನು ಎಳೆದಾಟ ನಡೆದಿತ್ತೆಂದು ನೆನೆದರೆ, ಗದ್ದಲವನ್ನು ತಡೆದು ನಿಲ್ಲಿಸುವ ಪ್ರಯತ್ನವಾಗಿ ನನಗದು ಕಾಣುತ್ತದೆ.

2015ರಲ್ಲಿ ಅವರು ಹುದ್ದೆಯಿಂದ ಇಳಿದರು. ಮೊದಲ ಬಾರಿ ಅವರನ್ನು ಬರಮಾಡಿಕೊಂಡಿದ್ದ ಐರ್ಲೆಂಡ್ ಪ್ಯಾಲೆಸ್ಟೀನಿಗೆ ಮಾನ್ಯತೆ ನೀಡಿದ್ದು 2024ರ ಮೇ ತಿಂಗಳಲ್ಲಿ. ಹನ್ನೆರಡು ವರ್ಷಗಳ ಕಾಲ ಅವರನ್ನು ‘ಪ್ರಧಾನ ಪ್ರತಿನಿಧಿ’ ಎಂದೇ ಕಾಗದಪತ್ರಗಳಲ್ಲಿ ಬರೆದುಕೊಂಡ ಫ್ರಾನ್ಸ್, 2025ರ ಸೆಪ್ಟೆಂಬರ್‌ನಲ್ಲಿ.